ನೊಗ ಇಳಿಸುವ ವಾರ

1942ರ ಜೂನ್‌ನಲ್ಲಿ ಅಮೆರಿಕದ ಪತ್ರಕರ್ತ ಲೂಯಿ ಫಿಷರ್ ಸೇವಾಗ್ರಾಮಕ್ಕೆ ಬಂದು ಒಂದು ವಾರ ಗಾಂಧೀಜಿಯವರ ಜೊತೆ ಇದ್ದರು. ಸೋಮವಾರದ ಮೌನವ್ರತದ ಬಗ್ಗೆ ಮಾತು ಬಂದಾಗ ಗಾಂಧಿ ಹೇಳಿದ್ದು ತೀರ ಸರಳವಾದ ಸಂಗತಿ. ಸೆಕೆಯಲ್ಲಿ ರೈಲುಪ್ರಯಾಣ, ಸಭೆಯ ಮೇಲೆ ಸಭೆ, ಹೋದಲ್ಲೆಲ್ಲ ಪ್ರಶ್ನೆ ಕೇಳುವ ಸಾವಿರಾರು ಜನ. ವಾರದಲ್ಲಿ ಒಂದು ದಿನವಾದರೂ ದಣಿವಾರಿಸಿಕೊಳ್ಳಬೇಕು ಅನ್ನಿಸಿ ಅದನ್ನು ಶುರುಮಾಡಿದರಂತೆ. ಅಧ್ಯಾತ್ಮದ ಹೊದಿಕೆ ಅದಕ್ಕೆ ಬಂದದ್ದು ಆಮೇಲೆ.

ಈ ಕ್ರಮವನ್ನು ಗಮನಿಸಬೇಕು. ಮೊದಲು ದಿನಕ್ಕೆ ಬೇಲಿ ಬಿತ್ತು, ಮನಸ್ಸು ಆ ಬೇಲಿಯೊಳಗೆ ನಿಧಾನವಾಗಿ ನೆಲೆಯಾಯಿತು. ನಾವೀಗ ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ದಿನ ಹೇಗಿದೆಯೋ ಹಾಗೇ ಇರಲಿ, ಅದರ ನಡುವೆಯೇ ಮನಸ್ಸು ಶಾಂತವಾಗಲಿ ಎಂದು ಬಯಸುತ್ತೇವೆ. ಬೆಳಿಗ್ಗೆ ಹತ್ತು ನಿಮಿಷ ಉಸಿರಾಟ ನೋಡಿಕೊಳ್ಳಿ, ಮೊಬೈಲಿನಲ್ಲಿ ಧ್ಯಾನದ ಆ್ಯಪ್ ಹಾಕಿಕೊಳ್ಳಿ, ಆಮೇಲೆ ಇಮ್ಮಡಿ ಉತ್ಸಾಹದಿಂದ ಕೆಲಸಕ್ಕೆ ಹೊರಡಿ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಉಸಿರನ್ನು ಗಮನಿಸುವುದರ ಬಗ್ಗೆ ನನಗೆ ಗೌರವವಿದೆ. ಅದರಿಂದ ನಿಜವಾಗಿ ನೆಮ್ಮದಿ ಕಂಡವರನ್ನು ಬಲ್ಲೆ. ಆದರೆ ಧಾವಂತಕ್ಕೆ ಇನ್ನಷ್ಟು ಕಸುವು ತುಂಬುವುದೇ ಧ್ಯಾನದ ಗುರಿಯಾದರೆ ಅದು ಧಾವಂತದ ಸೇವೆಗೆ ನಿಂತಂತಾಯಿತು. ಸಾಲದ್ದಕ್ಕೆ, ಶಾಂತಿ ಸಿಗದವರು ತಮ್ಮ ಮನಸ್ಸೇ ಸರಿಯಿಲ್ಲ ಎಂಬ ಇನ್ನೊಂದು ಚಿಂತೆಯನ್ನೂ ಹೊತ್ತುಕೊಳ್ಳುತ್ತಾರೆ. ಒಳಗಿನ ನಿಶ್ಚಲತೆ ಒಬ್ಬೊಬ್ಬರೇ ಗಳಿಸಿಕೊಳ್ಳುವ ಸ್ವಂತ ಆಸ್ತಿ ಎಂಬ ನಂಬಿಕೆಯಲ್ಲೇ ತಪ್ಪಿದೆ ಎಂಬುದು ನನ್ನ ವಾದ. ಅದಕ್ಕೆ ಬೇಕಾದ ಜಾಗವನ್ನು ಹಲವರು ಸೇರಿ ಮಾಡಿಕೊಡಬೇಕಾಗುತ್ತದೆ.

ನಮ್ಮ ನಾಡಿನ ರೈತರಿಗೆ ಇದು ಗೊತ್ತಿತ್ತು. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಹೊಲ ಹದಕ್ಕೆ ಬಂದು ಕಾದಿದ್ದರೂ, ಮೋಡ ಕಟ್ಟಿ ಬಿತ್ತನೆಗೆ ಅವಸರವಾಗಿದ್ದರೂ ಹಿರಿಯರು ಅಂದು ನೊಗ ಮುಟ್ಟುತ್ತಿರಲಿಲ್ಲ. ಎತ್ತು ಆ ವಾರ ಎಷ್ಟು ದುಡಿಯಿತು, ಅದಕ್ಕೆ ರಜೆ ಸಲ್ಲುತ್ತದೆಯೇ ಎಂಬ ಲೆಕ್ಕವನ್ನು ಯಾರೂ ಹಾಕುತ್ತಿರಲಿಲ್ಲ. ವಾರ ಬಂತು, ನೊಗ ಇಳಿಯಿತು, ಅಷ್ಟೆ. ಈ ಕಟ್ಟಳೆಯ ಬಲವೆಲ್ಲ ಇದ್ದದ್ದು ಊರಿಗೆ ಊರೇ ಅದನ್ನು ಪಾಲಿಸುತ್ತಿತ್ತು ಎಂಬುದರಲ್ಲಿ. ಪಕ್ಕದ ಹೊಲದವನೂ ಅಂದು ಹೂಡುವುದಿಲ್ಲ ಎಂದು ಗೊತ್ತಿದ್ದಾಗ ಸುಮ್ಮನೆ ಕೂತವನಿಗೆ ಹಿಂದೆ ಬಿದ್ದೆನೆಂಬ ಅಳುಕಿಲ್ಲ. ಟ್ರ್ಯಾಕ್ಟರ್ ಬಂದ ಕಡೆಗಳಲ್ಲಿ ಈ ಕಟ್ಟಳೆ ಸಡಿಲವಾಗಿದೆ. ಯಂತ್ರಕ್ಕೆ ಆಯಾಸವಿಲ್ಲ, ನಿಜ, ನಡೆಸುವವನಿಗೆ ಇದೆಯಲ್ಲ!

ನಮ್ಮ ಇಂದಿನ ಕಸಿವಿಸಿ ಹುಟ್ಟುವುದು ಇಲ್ಲಿಯೇ. ರಾತ್ರಿ ಹತ್ತು ಗಂಟೆಗೆ ಕಚೇರಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬೀಳುತ್ತದೆ. ಅದನ್ನು ನೋಡದೆ ಮಲಗುವ ಸ್ವಾತಂತ್ರ್ಯ ನನಗೆ ಇದ್ದೇ ಇದೆ. ಆದರೆ ಉಳಿದವರು ಉತ್ತರಿಸಿ ನಾನೊಬ್ಬ ಸುಮ್ಮನಿದ್ದರೆ ಬೆಳಗಾಗುವುದರೊಳಗೆ ನನ್ನ ಸುಮ್ಮನಿರುವಿಕೆ ಉದಾಸೀನವಾಗಿ ಕಾಣುತ್ತದೆ. ಹೀಗೆ ಒಬ್ಬನೇ ಪಾಲಿಸುವ ಬಿಡುವಿಗೆ ಅವನೊಬ್ಬನೇ ಬೆಲೆ ತೆರಬೇಕು. ಫ್ರಾನ್ಸಿನಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ನೌಕರರು ಸಂಪರ್ಕದಿಂದ ಹೊರಗಿರುವ ಹಕ್ಕು 2017ರಿಂದ ಕಾನೂನಿನಲ್ಲಿದೆ. ನಮ್ಮ ಕರ್ನಾಟಕದಲ್ಲಿ 2024ರಲ್ಲಿ ಚರ್ಚೆಗೆ ಬಂದದ್ದು ಐಟಿ ವಲಯದ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ. ನೌಕರರ ಸಂಘಟನೆಗಳು ಬೀದಿಗಿಳಿದು ಅದನ್ನು ವಿರೋಧಿಸಿದವು. ಆ ಪ್ರತಿಭಟನೆಯನ್ನು ನಾನು ಮನಶ್ಶಾಂತಿಯ ಕುರಿತ ಮಾತೆಂದೇ ಓದುತ್ತೇನೆ. ಗಂಟೆಗಿಷ್ಟು ಪೀಸ್ ಎಂಬ ಗುರಿಯ ಕೆಳಗೆ ಹೊಲಿಗೆ ಯಂತ್ರದ ಮುಂದೆ ಬಗ್ಗಿರುವ ಗಾರ್ಮೆಂಟ್ಸ್ ಹೆಣ್ಣುಮಗಳಿಗೂ, ಮುಂದಿನ ಆರ್ಡರ್ ತಪ್ಪೀತೆಂದು ಸಿಗ್ನಲ್ಲಿನಲ್ಲಿ ಚಡಪಡಿಸುವ ಡೆಲಿವರಿ ಹುಡುಗನಿಗೂ ‘ಈ ಕ್ಷಣದಲ್ಲಿ ಬದುಕು’ ಎಂದು ಉಪದೇಶಿಸುವುದು ಕ್ರೂರವಾಗುತ್ತದೆ. ಅವರ ಕ್ಷಣ ಅವರದಾಗಿಲ್ಲ.

ಹೊರಗಿನ ನೊಗ ಇಳಿದ ಮಾತ್ರಕ್ಕೆ ಮನಸ್ಸು ನಿಂತೀತೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ರಜೆಯ ದಿನವೂ ಬೆರಳು ತಾನಾಗಿ ಮೊಬೈಲಿನ ಮೇಲೆ ಓಡುತ್ತದೆ. ಯಾರೂ ಕರೆಯದಿದ್ದರೂ ನಾವೇ ಹೋಗಿ ಗದ್ದಲದಲ್ಲಿ ಕೂರುತ್ತೇವೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನ ದೂರು ಇದೇ: ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿಯುವಷ್ಟೇ ಕಷ್ಟ. ಕೃಷ್ಣ ಅದನ್ನು ಅಲ್ಲಗಳೆಯುವುದಿಲ್ಲ. ಕಷ್ಟವೆಂದು ಒಪ್ಪಿಕೊಂಡೇ ಅಭ್ಯಾಸ, ವೈರಾಗ್ಯ ಎಂಬ ಎರಡು ದಾರಿ ಹೇಳುತ್ತಾನೆ. ಅಭ್ಯಾಸಕ್ಕೆ ಬಿಡುವು ಬೇಕು, ಅದರ ಮಾತು ಆಗಲೇ ಆಯಿತು. ವೈರಾಗ್ಯ ಎಂದೊಡನೆ ನಮಗೆ ಕಾವಿ, ಕಾಡು, ಮನೆ ಬಿಟ್ಟ ಸಂನ್ಯಾಸಿ ನೆನಪಾಗುತ್ತಾರೆ. ನನಗೆ ನೆನಪಾಗುವವಳು ಆಯ್ದಕ್ಕಿ ಲಕ್ಕಮ್ಮ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಬಸವಣ್ಣನ ಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಡವರ ಮನೆಗೆ ಹಿಡಿ ಅಕ್ಕಿ ಹೆಚ್ಚು ಬಂದರೆ ಸಂತೋಷಪಡಬೇಕಾದವಳು ಲಕ್ಕಮ್ಮ. ಅವಳು ಇದು ನಮಗೆ ಬೇಕಾದ್ದಕ್ಕಿಂತ ಹೆಚ್ಚು, ಎಲ್ಲಿಂದ ತಂದೆಯೋ ಅಲ್ಲಿಗೇ ಹಾಕಿ ಬಾ ಎಂದು ಗಂಡನನ್ನು ವಾಪಸು ಕಳಿಸಿದಳು. ಅವಳ ತಕರಾರು ದುಡಿಮೆಯ ಮೇಲಿರಲಿಲ್ಲ. ಕಾಯಕವನ್ನು ಅವಳಷ್ಟು ಗಟ್ಟಿಯಾಗಿ ಹಿಡಿದವರು ಕಡಿಮೆ. ಆಸೆಗೆ ಅಂಚಿಲ್ಲದಿದ್ದರೆ ಇಂದಿನ ಹೆಚ್ಚಳವೇ ನಾಳೆಯ ಅಳತೆಯಾಗುತ್ತದೆ, ನಾಳೆ ಅಷ್ಟೇ ತಂದರೂ ಕಡಿಮೆ ಎನ್ನಿಸುತ್ತದೆ ಎಂಬ ತಿಳಿವಳಿಕೆಯನ್ನು ಆ ಪ್ರಸಂಗದಲ್ಲಿ ನಾನು ಕಾಣುತ್ತೇನೆ. ಸಂಬಳದಲ್ಲೂ, ಮಕ್ಕಳ ಅಂಕದಲ್ಲೂ, ನಮ್ಮ ಫೋಟೋಗೆ ಬಿದ್ದ ಲೈಕುಗಳಲ್ಲೂ ಇದು ಹೀಗೆಯೇ ನಡೆಯುತ್ತದೆ. ಆದ್ದರಿಂದ ವೇಗವೊಂದನ್ನೇ ದೂರುವುದು ಸರಿಯಲ್ಲ. ಸುಗ್ಗಿಯಲ್ಲಿ ರೈತ ಹಗಲಿರುಳು ದುಡಿದೂ ಗಾಢವಾಗಿ ನಿದ್ದೆ ಮಾಡಬಲ್ಲ, ಏಕೆಂದರೆ ಕಣ ಬರಿದಾಗುವ ದಿನವೊಂದು ಅವನ ಕಣ್ಣ ಮುಂದಿದೆ. ನಮ್ಮ ಬಹಳಷ್ಟು ಕೆಲಸಗಳಲ್ಲಿ ಆ ಕೊನೆಯೇ ಕಾಣಿಸುವುದಿಲ್ಲ.

ಬೇಲಿ ಹಾಕಿಕೊಂಡವನಿಗೆ ಲೋಕದ ಹೊಣೆ ತಪ್ಪುತ್ತದೆಯೇ ಎಂಬುದು ಇದಕ್ಕಿಂತ ಬಿಕ್ಕಟ್ಟಿನ ಪ್ರಶ್ನೆ. 1947ರ ಜೂನ್ 2 ಸೋಮವಾರ. ದೇಶ ವಿಭಜನೆಯ ಯೋಜನೆಯನ್ನು ನಾಯಕರ ಮುಂದಿಟ್ಟ ದಿನ ಗಾಂಧಿ ಮೌಂಟ್‌ಬ್ಯಾಟನ್‌ರನ್ನು ಕಂಡರು, ಆದರೆ ಮೌನ ಮುರಿಯಲಿಲ್ಲ. ಹಳೆಯ ಲಕೋಟೆಗಳ ಬೆನ್ನಮೇಲೆ ಬರೆದು ಕೊಟ್ಟರು. ರೋಗಿಗಳ ಆರೈಕೆಗೆ, ಉನ್ನತ ಅಧಿಕಾರಿಗಳ ಜೊತೆಗಿನ ತುರ್ತು ವಿಷಯಕ್ಕೆ ನನ್ನ ವ್ರತದಲ್ಲಿ ವಿನಾಯಿತಿ ಇಟ್ಟುಕೊಂಡಿದ್ದೇನೆ, ಆದರೆ ನೀವು ನನ್ನ ಮೌನ ಮುರಿಯಬಯಸುವುದಿಲ್ಲ ಎಂದು ಬಲ್ಲೆ ಎಂಬ ಅರ್ಥದ ಮಾತೂ ಆ ಚೀಟಿಗಳಲ್ಲಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಂದು ಅವರು ಮಾತಾಡಬೇಕಿತ್ತು ಎನ್ನುವವರ ಪಕ್ಷದಲ್ಲಿ ನಿಲ್ಲಲು ಮನಸ್ಸಾಗುತ್ತದೆ. ಆದರೂ ವ್ರತದಲ್ಲಿ ರೋಗಿಗಾಗಿ ಬಾಗಿಲು ತೆರೆದಿಟ್ಟಿದ್ದರು ಎಂಬ ವಿವರವನ್ನು ಮರೆಯಲಾರೆ. ನೋವಿನಲ್ಲಿರುವವರು ಕರೆದಾಗ ತೆರೆಯದ ಮೌನ ಬರೀ ಹಟವಾಗುತ್ತದೆ.

ರೈತರ ಸೋಮವಾರದ ಕಟ್ಟಳೆಯಲ್ಲಿ ಒಂದು ದೊಡ್ಡ ಕೊರತೆಯೂ ಇತ್ತು. ಎತ್ತಿಗೆ ಬಿಡುವು ಸಿಕ್ಕಿತು, ಎತ್ತಿಗೆ ಮೇವು ಹಾಕುವ ಹೆಂಗಸಿಗೆ ಸಿಗಲಿಲ್ಲ. ಅವಳು ಅಂದೂ ಕಸ ಗುಡಿಸಿದಳು, ನೀರು ಹೊತ್ತಳು, ಒಲೆ ಹಚ್ಚಿದಳು. ನಗರದ ಭಾನುವಾರದಲ್ಲೂ ಇದೇ ಕಥೆ. ಉಳಿದವರು ತಡವಾಗಿ ಏಳುತ್ತಾರೆ, ತಿಂಡಿ ಎರಡು ಬಗೆಯದಾಗುತ್ತದೆ, ಮಧ್ಯಾಹ್ನಕ್ಕೆ ನೆಂಟರು ಬರುತ್ತಾರೆ. ಮನೆಯಲ್ಲಿ ಅಡುಗೆ ಮಾಡುವವಳಿಗೆ ವಾರದಲ್ಲೇ ಭಾರವಾದ ದಿನ ಅದು. ಗಾಂಧಿಯ ಆಶ್ರಮಗಳಲ್ಲಿ ಅಡುಗೆಯಿಂದ ಪಾಯಿಖಾನೆ ಶುಚಿಯವರೆಗೆ ಎಲ್ಲವೂ ಹಂಚಿಕೊಂಡು ಮಾಡುವ ಕೆಲಸವಾಗಿತ್ತು. ಮನೆಯವರು ನೆಮ್ಮದಿಯ ಮಾತು ಆಡುವುದಾದರೆ ಆ ಹಂಚಿಕೆಯಿಂದಲೇ ತೊಡಗಬೇಕು ಎನ್ನುತ್ತೇನೆ. ವಾರದಲ್ಲಿ ಅರ್ಧ ದಿನ ಅಮ್ಮನನ್ನು ಯಾರೂ ಯಾವುದಕ್ಕೂ ಕೂಗುವುದಿಲ್ಲ ಎಂದು ಎಲ್ಲರೂ ಕೂತು ಗೊತ್ತುಮಾಡಬೇಕು. ಹಾಗೆ ಗೊತ್ತುಮಾಡಿದ ದಿನ ಸಾರಿನ ಪುಡಿ ಯಾವ ಡಬ್ಬಿಯಲ್ಲಿದೆ, ಅಜ್ಜನ ಬಿಪಿ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ, ಹಾಲಿನವನಿಗೆ ಎಷ್ಟು ಕೊಡಬೇಕು, ಇಷ್ಟನ್ನಾದರೂ ಉಳಿದವರು ತಿಳಿದುಕೊಂಡಿರಬೇಕಾಗುತ್ತದೆ.