ಆಳಕ್ಕಿಳಿದ ಕಾಯಕ

ಮಲಪ್ರಭೆಯ ದಡದ ಶಿವಯೋಗಮಂದಿರದ ಸಾಧಕನಿಗೆ ಉಸಿರಿನ ನಿಯಮವು ಎಷ್ಟು ಅವಶ್ಯವೋ, ಕಡಲಿನ ಆಳಕ್ಕಿಳಿಯುವ ಮುಳುಗುಗಾರನಿಗೂ ಅಷ್ಟೇ ಅವಶ್ಯವು.

2018ರ ಡಿಸೆಂಬರಿನಲ್ಲಿ ಉಡುಪಿ ಜಿಲ್ಲೆಯ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ವೆಂಬ ಮೀನುಗಾರಿಕಾ ದೋಣಿಯು ಏಳು ಮಂದಿಯೊಡನೆ ಕಾಣೆಯಾಯಿತು. ಮನೆಯವರು ತಿಂಗಳುಗಟ್ಟಲೆ ಆಶೆ ಭಯಗಳ ನಡುವೆ ಬೆಂದರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದಾಚೆ, ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ಕಂಡಿತು. ಮುಳುಗುಗಾರರು ಇಳಿದು ಗುರುತಿಸಿದರು.

ಅಷ್ಟು ಆಳದಲ್ಲಿ ದೇಹದ ಮೇಲಿನ ಒತ್ತಡವು ದಡದಲ್ಲಿರುವುದರ ಏಳು ಪಟ್ಟು. ಅವಸರದಿಂದ ಮೇಲೇರಿದರೆ ರಕ್ತದಲ್ಲಿ ಕರಗಿದ ವಾಯುವು ಗುಳ್ಳೆಗಳಾಗಿ ಪ್ರಾಣಕ್ಕೆರವಾಗುವುದು. ಆದುದರಿಂದ ನಿಂತು ನಿಂತು ಏರಬೇಕು.

ಹೋದ ಜೀವಗಳನ್ನು ಅವರು ಮರಳಿ ತರಲಾರದಾದರು, ನಿಜವನ್ನು ತಂದರು. ನಿಜವು ಕಹಿಯಾದರೂ ಕಾದು ಕುಳಿತವರಿಗೆ ಸಲ್ಲಬೇಕಾದ ಋಣವು. ಅದನ್ನು ತಂದುಕೊಡುವುದೂ ದಯೆಯೇ, ಕಾಯಕವೇ.

ಸದ್ಭಕ್ತರ ನೆರೆಮನೆಗಳಲ್ಲಿಯೂ ಹೀಗೆ ಕಾದು ಕುಳಿತವರುಂಟು. ದಡದಲ್ಲಿ ನಿಂತು ಸಮಾಧಾನ ಹೇಳುವುದು ಸುಲಭ. ಭಕ್ತನಾದವನು ಅವರ ದುಃಖದ ಆಳಕ್ಕೆ ಇಳಿಯಬೇಕು. ಅವಸರಪಡಿಸದೆ ಅವರೊಡನೆ ಮೆಲ್ಲಮೆಲ್ಲನೆ ಮೇಲೇರಬೇಕು. ಅದೇ ನಿಜವಾದ ದಾಸೋಹವು.