ಕೊಂಡದ್ದನ್ನು ಯಾರು ನೋಡಬೇಕು?



ಹೋದ ತಿಂಗಳು ಭಾನುವಾರದ ಪೂಜೆ ಮುಗಿದ ಮೇಲೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಪಾಪಿರೆಡ್ಡಿಪಟ್ಟಿ ಕಡೆಯ ಹುಡುಗನೊಬ್ಬ ನನ್ನ ಹತ್ತಿರ ಬಂದು ಕೂತ. ಕ್ರೆಡಿಟ್ ಕಾರ್ಡಿನ ಲೆಕ್ಕ ನೋಡುವ ಕಂಪನಿಯಲ್ಲಿ ಅವನಿಗೆ ಉದ್ಯೋಗ. "ಮಾಮಾ, ಅಮೆರಿಕದಲ್ಲಿ ಯಾರು ಯಾವ ಅಂಗಡಿಯಲ್ಲಿ ಎಷ್ಟು ಖರ್ಚು ಮಾಡಿದರು ಅನ್ನೋದು ಇಲ್ಲಿ ಕೂತ ನಮಗೆ ಕಾಣುತ್ತೆ. ಬಂದೂಕಿನ ಅಂಗಡಿಗೆ ಹೋದವರ ಮೇಲೆ ಕಣ್ಣಿಡಬೇಕು ಅಂತ ಅಲ್ಲಿ ದೊಡ್ಡ ವಾದ ನಡೀತಿದೆ. ಕಣ್ಣಿಡೋದು ತಪ್ಪಾ, ಇಡದೇ ಇರೋದು ತಪ್ಪಾ?" ಎಂದು ಕೇಳಿದ.

ವಾದ ಸುಮ್ಮನೆ ಹುಟ್ಟಿದ್ದಲ್ಲ. 2016ರ ಜೂನ್ ತಿಂಗಳಲ್ಲಿ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ನಗರದ ನೈಟ್ ಕ್ಲಬ್ಬೊಂದರಲ್ಲಿ ಒಬ್ಬನು 49 ಜನರನ್ನು ಗುಂಡಿಟ್ಟು ಕೊಂದ. ಅದಕ್ಕೆ ಮುಂಚಿನ 12 ದಿನಗಳಲ್ಲಿ ಅವನು ಕಾರ್ಡುಗಳ ಮೇಲೆ 26,000 ಡಾಲರಿಗೂ ಹೆಚ್ಚು ಖರ್ಚು ಮಾಡಿದ್ದ. ಬಂದೂಕು, ಮದ್ದುಗುಂಡುಗಳೂ ಅದರಲ್ಲಿ ಸೇರಿದ್ದವು. ಇಷ್ಟಾದರೂ ಬ್ಯಾಂಕಿನವರ ಕಣ್ಣಿಗೆ ಬೀಳಲಿಲ್ಲವೇ ಎಂದು ಜನ ಕೇಳಿದರು. 2022ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಗುಣಮಟ್ಟ ಸಂಸ್ಥೆಯು ಬಂದೂಕಿನ ಅಂಗಡಿಗಳಿಗೆಂದೇ 5723 ಎಂಬ ಸಂಕೇತ ಸಂಖ್ಯೆಯನ್ನು ಒಪ್ಪಿತು. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಗಳು ಅದನ್ನು ಬಳಸುತ್ತೇವೆ ಎಂದವು, 2023ರ ಮಾರ್ಚ್‌ನಲ್ಲಿ ಹಿಂಜರಿದು ನಿಲ್ಲಿಸಿದವು. ಕ್ಯಾಲಿಫೋರ್ನಿಯ ಬಳಸಲೇಬೇಕೆಂದು ಕಾನೂನು ಮಾಡಿತು. ಬಳಸಕೂಡದೆಂದು ಕಾನೂನು ಮಾಡಿದ ರಾಜ್ಯಗಳಲ್ಲಿ ಅದೇ ಫ್ಲಾರಿಡಾ ಕೂಡ ಒಂದು.

ಆ ಸಂಖ್ಯೆ ಹೇಳುವುದು ಅಂಗಡಿ ಯಾವ ಬಗೆಯದು ಎಂಬುದನ್ನು ಮಾತ್ರ, ಏನು ಕೊಂಡರು ಎಂಬುದನ್ನಲ್ಲ. ಅಲ್ಲಿ ಮಳೆಗೆ ಬೂಟು ಕೊಂಡವನೂ ಗುಂಡು ಕೊಂಡವನೂ ಲೆಕ್ಕದಲ್ಲಿ ಒಂದೇ. ಹುಡುಗ ಇನ್ನೊಂದು ಮಾತು ಹೇಳಿದ. ದಿನಸಿ ಅಂಗಡಿಗೆ 5411, ಔಷಧಿ ಅಂಗಡಿಗೆ 5912, ಧಾರ್ಮಿಕ ಸಂಸ್ಥೆಗಳಿಗೆ 8661. ಅಂದರೆ ದೇವಾಲಯಕ್ಕೆ ಕಾರ್ಡಿನಲ್ಲಿ ಕಾಣಿಕೆ ಕೊಟ್ಟರೆ ಅದಕ್ಕೂ ಒಂದು ಗುರುತು. ಅಲ್ಲಿಯವರೆಗೆ 'ಬಂದೂಕಿನವರನ್ನು ನೋಡಿದರೆ ನಮಗೇನು ನಷ್ಟ' ಎಂದುಕೊಂಡಿದ್ದೆ. ತಮಿಳರ ನಡುವೆ ಕನ್ನಡದವರು, ಎಲ್ಲರ ನಡುವೆ ಕ್ರೈಸ್ತರು ನಾವು. ಯಾರು ಯಾವ ಗುಡಿಗೆ, ಯಾವ ಚರ್ಚಿಗೆ ಎಷ್ಟು ಕೊಟ್ಟರು ಎಂದು ಒಂದು ದಿನ ಯಾರಾದರೂ ಪಟ್ಟಿ ತೆಗೆದರೆ? ಬಂದೂಕಿನ ಪಟ್ಟಿ ತೆಗೆಯುವ ಯಂತ್ರಕ್ಕೆ ಕಾಣಿಕೆಯ ಪಟ್ಟಿ ತೆಗೆಯುವುದು ಕಷ್ಟವಲ್ಲ.

ಹಾಗೆಂದು ಆಯುಧದ ವಿಷಯದಲ್ಲಿ ಯಾರೂ ಏನೂ ಕೇಳಬಾರದು ಎನ್ನಲಾರೆ. ನಮ್ಮ ದೊಡ್ಡಪ್ಪನಿಗೆ ಬೆಟ್ಟದ ಅಂಚಿನಲ್ಲಿ ಮರಗೆಣಸಿನ ಹೊಲವಿತ್ತು. ಹಂದಿ ಕಾಟಕ್ಕೆ ಬೆಳೆ ಕಾವಲಿಗೆಂದು ಒಂದು ನಾಡಬಂದೂಕು ಇಟ್ಟಿದ್ದರು. 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿಗೆ ಅರ್ಜಿ ಕೊಟ್ಟರೆ ಪೊಲೀಸರು ವಿಚಾರಿಸಿ ವರದಿ ಕೊಡಬೇಕು. ಪೊಲೀಸರು ಅಕ್ಕಪಕ್ಕದ ಮನೆಗಳಲ್ಲಿ "ಇವರು ಕುಡಿಯುತ್ತಾರಾ? ಯಾರ ಜೊತೆಗಾದರೂ ಜಗಳ ಇದೆಯಾ?" ಎಂದು ಕೇಳಿ ಹೋದರು. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು, ಗೊಣಗುತ್ತಲೇ. ದೊಡ್ಡಮ್ಮ ಆ ರಸೀದಿಯನ್ನು ಅರಿಶಿನದ ಡಬ್ಬಿಯಲ್ಲಿ ಇಡುತ್ತಿದ್ದರು. ಅದರಿಂದ ಅವರ ಮರ್ಯಾದೆಗೆ ಕುಂದು ಬಂತೆಂದು ನನಗನ್ನಿಸಿಲ್ಲ. ಕೇಳುವವರು ಎದುರಿಗೆ ನಿಂತು ಕೇಳಿದರು, ಏಕೆ ಕೇಳುತ್ತೇವೆಂದು ಹೇಳಿದರು, ಇಲ್ಲವೆಂದರೆ ಮೇಲ್ಮನವಿಗೆ ದಾರಿಯಿತ್ತು. ಕಾರ್ಡಿನ ಲೆಕ್ಕದಲ್ಲಿ ಈ ಮೂರೂ ಇಲ್ಲ. ತನ್ನನ್ನು ಯಾರೋ ಅನುಮಾನಿಸಿದ್ದಾರೆಂಬುದೇ ಕೊಂಡವನಿಗೆ ತಿಳಿಯುವುದಿಲ್ಲ.

ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆಯನ್ನು ವಿವರಿಸುವಾಗ, ಸಾಕಷ್ಟು ಆಧಾರವಿಲ್ಲದೆ ಮನಸ್ಸಿನಲ್ಲೇ ಇನ್ನೊಬ್ಬನನ್ನು ತಪ್ಪಿತಸ್ಥನೆಂದು ತೀರ್ಮಾನಿಸುವುದೂ ದೋಷವೆಂದು ಧರ್ಮಸಭೆ ಕಲಿಸುತ್ತದೆ. ಆಯುಧಗಳ ಮಾರಾಟವನ್ನು ಹದ್ದಿನಲ್ಲಿಡುವುದು ಸರ್ಕಾರದ ಹಕ್ಕು ಮತ್ತು ಕರ್ತವ್ಯ ಎಂದೂ ಅದೇ ಧರ್ಮೋಪದೇಶ ಹೇಳುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಖಾಸಗಿ ಬದುಕಿನ ರಕ್ಷಣೆಯನ್ನು ಮನುಷ್ಯನ ಹಕ್ಕುಗಳಲ್ಲಿ ಸೇರಿಸಿತ್ತು. ನಮ್ಮ ದೇಶದಲ್ಲಿ ಅದು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪಿತ್ತದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೂಡಿದಾಗ ಅವರಿಗೆ 80 ದಾಟಿತ್ತು.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಬಂದೂಕನ್ನು ಕಾನೂನು ಕಾಯಲಿ, ಅಂಗಡಿಯ ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ. ಕೊಂಡವನ ಮನಸ್ಸಿನಲ್ಲಿ ಏನಿದೆಯೆಂದು ಅವನ ಖರ್ಚಿನಿಂದ ಊಹಿಸುವ ಕೆಲಸ ಬ್ಯಾಂಕಿನದಲ್ಲ. ಅಪರಾಧ ನಡೆಯಲಿದೆಯೆಂದು ನಿನಗೆ ನಿಜವಾಗಿ ಗೊತ್ತಾದರೆ, ಸಂಖ್ಯೆಯ ಮರೆಯಲ್ಲಿ ನಿಲ್ಲದೆ, ನಿನ್ನ ಹೆಸರು ಬರೆದು ಮೇಲಿನವರಿಗೆ ತಿಳಿಸು. ಸುಮ್ಮನಿರಬೇಡ.

"ಹಾಗಾದ್ರೆ ಆ 49 ಜನ, ಮಾಮಾ?" ಎಂದ.

ಅಂಗಡಿಯಲ್ಲಿ ನಡೆಯುವ ಹಿನ್ನೆಲೆ ತಪಾಸಣೆಯನ್ನು ದಾಟಿಯೇ ಆ ಕೊಲೆಗಾರ ಬಂದೂಕು ಕೊಂಡಿದ್ದ; ತಪಾಸಣೆಯನ್ನು ಬಿಗಿ ಮಾಡಬೇಕು ಎಂದೆ. ಅವನು ತಲೆಯಾಡಿಸಿದ, ಒಪ್ಪಿದ ಹಾಗೆ ಕಾಣಲಿಲ್ಲ. ಆ 49 ಜನರ ತಾಯಂದಿರ ಎದುರು ಇದೇ ಉತ್ತರ ಕೊಡುವ ಧೈರ್ಯ ನನಗಿದೆಯೇ ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.