ತಪ್ಪಿದ ಒಂದು ಹಲ್ಲು

1983ರಲ್ಲಿ ನಮ್ಮ ದೇಶದ ಹಾದಿಗಳಿಗೆ ಇಳಿದ ಮಾರುತಿ 800 ಎಂಬ ಕಾರನ್ನು ನೀವು ಬಲ್ಲಿರಷ್ಟೆ. ಅಂಥ ಕಾರಿಗೆ ಹೊಸ ಟೈಮಿಂಗ್ ಬೆಲ್ಟು ಹಾಕಿದ ಮೇಲೆ ಇಂಜಿನು ಹೊರಡದೆ ಹೋದರೆ ನಾವು ಏನು ಮಾಡುತ್ತೇವೆ? ಕೀಲಿಯನ್ನು ತಿರುಗಿಸಿ ತಿರುಗಿಸಿ ಬ್ಯಾಟರಿಯನ್ನು ಬರಿದುಮಾಡುತ್ತೇವೆ, ಪೆಟ್ರೋಲನ್ನು ದೂರುತ್ತೇವೆ. ಇದು ಅವಿವೇಕವಲ್ಲವೋ? ಯಾಕಂದರೆ ನಿನ್ನೆ ಓಡಿದ್ದು ಇಂದು ಓಡದಿದ್ದರೆ ನಮ್ಮ ಕೈ ಮುಟ್ಟಿದ ಸ್ಥಳವನ್ನೇ ಮೊದಲು ಶೋಧಿಸತಕ್ಕದ್ದು.

ಕ್ರ್ಯಾಂಕ್ ದಂಡವು ಎರಡು ಸುತ್ತು ಸುತ್ತುವಷ್ಟರಲ್ಲಿ ಕ್ಯಾಮ್ ದಂಡವು ಒಂದೇ ಸುತ್ತು ಸುತ್ತಬೇಕು. ಬೆಲ್ಟು ಒಂದೆರಡು ಹಲ್ಲು ತಪ್ಪಿ ಕೂತರೆ ವಾಲ್ವುಗಳು ಅಕಾಲದಲ್ಲಿ ತೆರೆಯುವವು. ಸಿಲಿಂಡರಿನೊಳಗೆ ಒತ್ತಡವು ಸರಿಯಾಗಿ ಕಟ್ಟದು, ಕಿಡಿಯೂ ವ್ಯರ್ಥವಾಗುವದು. ಕೆಲವು ಇಂಜಿನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಅದನ್ನು ಬಗ್ಗಿಸಿಬಿಡುವದೂ ಉಂಟು. ಆದದರಿಂದ ಕೀಲಿಯನ್ನು ಬಿಡಿರಿ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಎರಡೂ ಹಲ್ಲುಚಕ್ರಗಳ ಗುರುತುಗಳನ್ನು ಅವುಗಳ ನೇರಕ್ಕೆ ತಂದು, ಇಂಜಿನು ಓಡುವ ದಿಕ್ಕಿಗೇ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಎರಡು ಪೂರ್ಣ ಸುತ್ತು ಮೆಲ್ಲಗೆ ತಿರುಗಿಸಿರಿ. ಎಲ್ಲಿಯಾದರೂ ತಡೆದರೆ ಬಲಮಾಡಬೇಡಿರಿ, ನಿಲ್ಲಿರಿ. ಗುರುತುಗಳು ತಿರಿಗಿ ಕೂಡಿಬಂದರೆ ಬೆಲ್ಟು ನಿರ್ದೋಷಿಯು. ಆಗ ಕೆಲಸದ ಗಡಿಬಿಡಿಯಲ್ಲಿ ಕಳಚಿಹೋದ ತಂತಿಗಳನ್ನು ಹುಡುಕಿರಿ. ನಾವೂ ಒಮ್ಮೆ ದಿನವೆಲ್ಲಾ ಬೆವರು ಸುರಿಸಿದ್ದು ಅಂಥ ಒಂದು ತಂತಿಗಾಗಿಯೇ.